ನರಸೀಪುರದ ಮಣ್ಣಿನ ತಲೆದಿಂಬು, ನಮ್ಮಜ್ಜಿಯ ತುರುಬು

ನಂಜನಗೂಡಿನ ದೊಡ್ಡ ಜಾತ್ರೆಗೆ ಹೋದವರಿಗೆ ಗೊತ್ತು. ತೇರು ನೋಡಿ ಕೈ ಮುಗಿದ ಮೇಲೆ ಹೆಣ್ಣುಮಕ್ಕಳ ಕಾಲು ತಾನಾಗಿ ಬಳೆ, ಸರ, ಪಿನ್ನಿನ ಅಂಗಡಿಗಳ ಕಡೆ ತಿರುಗುತ್ತದೆ. ಈಚಿನ ಒಂದು ಜಾತ್ರೆಯಲ್ಲಿ ನಾವೂ ಅಂಥದೊಂದು ಅಂಗಡಿ ಮುಂದೆ ನಿಂತಿದ್ದೆವು. ಬಣ್ಣ ಬಳಿದ ಮರದ ಕಡ್ಡಿಗಳನ್ನು ಅಲ್ಲಿ ಕಟ್ಟುಕಟ್ಟಾಗಿ ಇಟ್ಟಿದ್ದರು. ಗೇಣುದ್ದಕ್ಕಿಂತ ಸ್ವಲ್ಪ ಕಡಿಮೆ, ಒಂದು ತುದಿ ಮೊನಚು, ಇನ್ನೊಂದು ತುದಿಗೆ ಮಣಿ. ಕಾಲೇಜಿನ ಇಬ್ಬರು ಹುಡುಗಿಯರು ಮೊಬೈಲಿನಲ್ಲಿ ವಿಡಿಯೊ ಹಾಕಿಕೊಂಡು, ಜಡೆ ಸುತ್ತಿ, ಕಡ್ಡಿ ಚುಚ್ಚಿ ನೋಡುತ್ತಿದ್ದರು. ತುರುಬು ನಿಲ್ಲುತ್ತಿರಲಿಲ್ಲ. ಅಂಗಡಿಯವನು, "ಹೊಸ ಫ್ಯಾಷನ್ ಕಣಮ್ಮ, ಚೈನಾ ಮಾಲು" ಅಂದ.

ಪಕ್ಕದಲ್ಲಿ ಬಳೆ ತೊಡಿಸಿಕೊಳ್ಳುತ್ತಿದ್ದ ಅಜ್ಜಿಯೊಬ್ಬರು ನಕ್ಕುಬಿಟ್ಟರು. "ಹೊಸದಂತೆ! ನಾವು ನಾಟಿಗೆ ಹೋಗುವಾಗ ಬೇಲಿ ಕಡ್ಡಿ ಮುರ್ಕೊಂಡು ಚುಚ್ಕತಿದ್ದೋ. ಪಿನ್ನು ತಗಳಕ್ಕೆ ಯಾರತ್ರ ದುಡ್ಡಿತ್ತು ಕೂಸೇ? ತತ್ತಾ ಇಲ್ಲಿ" ಎಂದು ಕಡ್ಡಿ ಈಸಿಕೊಂಡು, ಆ ಹುಡುಗಿಯ ಜಡೆಯನ್ನು ಎರಡು ಸುತ್ತು ಸುತ್ತಿ, ಒಂದೇ ಸಲಕ್ಕೆ ಸಿಕ್ಕಿಸಿದರು. ಹುಡುಗಿ ತಲೆ ಒದರಿದಳು. ತುರುಬು ಅಲ್ಲಾಡಲಿಲ್ಲ.

ನರಸೀಪುರಕ್ಕೆ ವಾಪಸ್ ಬರುವ ಬಸ್ಸಿನಲ್ಲಿ ನಮಗೆ ಅದೇ ಯೋಚನೆ. ಹೊಳೆ, ಗುಡಿ, ರಾಜರು, ದಂಡನಾಯಕರು, ಇವರೆಲ್ಲರ ಚರಿತ್ರೆಯನ್ನು ನಾವು ಬರೆದಿದ್ದೇವೆ. ತುರುಬಿನ ಚರಿತ್ರೆಯನ್ನು ಯಾರಾದರೂ ಬರೆದಿದ್ದಾರಾ? ಹುಡುಕುತ್ತಾ ಹೋದಾಗ ಗೊತ್ತಾಯಿತು, ಅದರ ಗುರುತುಗಳು ನಮ್ಮ ತಾಲ್ಲೂಕಿನಲ್ಲೇ ಇವೆ. ಕೆಲವು ಮಣ್ಣಿನಲ್ಲಿ, ಕೆಲವು ಕಲ್ಲಿನಲ್ಲಿ, ಕೆಲವು ನಾವು ದಿನಾ ಆಡುವ ಮಾತಿನಲ್ಲಿ. ಜೊತೆಗೆ ಒಂದು ಪ್ರಶ್ನೆಯೂ ಹುಟ್ಟಿತು: ಹೆಂಗಸಿನ ತಲೆಗೂದಲ ಮೇಲೆ ಯಾರ ಮಾತು ನಡೆಯುತ್ತಿತ್ತು?

ಕಡ್ಡಿ ಹೇಗೆ ಹಿಡಿಯುತ್ತದೆ

ಮೊದಲು ಆ ಅಜ್ಜಿ ಮಾಡಿದ್ದೇನು ಅನ್ನುವುದನ್ನು ನೋಡೋಣ. ಕೂದಲನ್ನು ಕತ್ತಿನ ಮೇಲ್ಗಡೆ ಒಟ್ಟುಮಾಡಿ ಮೂರು ಕಾಲಿನ ಜಡೆ ಹೆಣೆಯಬೇಕು. ಆ ಜಡೆಯನ್ನು ಅದರ ಬುಡದ ಸುತ್ತಲೇ ಸುತ್ತಬೇಕು. ತುದಿಯನ್ನು ಸುತ್ತಿನ ಅಡಿಗೆ ತಳ್ಳಬೇಕು. ಆಮೇಲೆ ಕಡ್ಡಿ. ಅದನ್ನು ನೇರವಾಗಿ ಚುಚ್ಚಿದರೆ ಜಾರಿ ಬೀಳುತ್ತದೆ, ಹುಡುಗಿಯರು ಎಡವಿದ್ದು ಅಲ್ಲೇ. ಕಡ್ಡಿಯನ್ನು ಮೊದಲು ತುರುಬಿನ ಹೊರಸುತ್ತಿಗೆ ಸಿಕ್ಕಿಸಿ, ತಲೆಗೆ ಅಂಟಿದ ಕೂದಲನ್ನು ಸ್ವಲ್ಪ ಎತ್ತಿಕೊಂಡು, ಮೊನೆಯನ್ನು ಹಿಂದಕ್ಕೆ ತಿರುಗಿಸಿ, ಬುಡದ ಅಡಿಯಿಂದ ಹಾಯಿಸಿ, ಇನ್ನೊಂದು ಮಗ್ಗುಲಲ್ಲಿ ಹೊರಗೆ ತೆಗೆಯಬೇಕು.

ಹುಲ್ಲಿನ ಗಾಡಿಗೆ ಹಗ್ಗ ಬಿಗಿಯುವಾಗ ಗೂಟ ಸಿಕ್ಕಿಸಿ ತಿರುಚುತ್ತೇವಲ್ಲ, ಇದೂ ಹಾಗೆಯೇ. ತಲೆಯ ಕೂದಲು ಒಂದು ಕಡೆ ಎಳೆಯುತ್ತದೆ, ತುರುಬು ಇನ್ನೊಂದು ಕಡೆ ಎಳೆಯುತ್ತದೆ, ನಡುವೆ ಕಡ್ಡಿ ಬಿಗಿಯಾಗಿ ನಿಲ್ಲುತ್ತದೆ. ಹರಳೆಣ್ಣೆ ಹಚ್ಚಿದ ಕೂದಲು ಸ್ವಲ್ಪ ಅಂಟಾಗಿರುವುದರಿಂದ ಹಿಡಿತ ಇನ್ನೂ ಗಟ್ಟಿ. ಶಾಂಪೂ ಹಾಕಿ ನುಣ್ಣಗಾದ ಕೂದಲಲ್ಲಿ ಕಡ್ಡಿ ಬೇಗ ಸಡಿಲವಾಗುತ್ತದೆ.

ತುರುಬು ಕತ್ತಿನ ಹತ್ತಿರವೇ ಯಾಕೆ? ಅದಕ್ಕೂ ಕಾರಣ ಇದೆ. ನೆತ್ತಿಯ ಮೇಲೆ ಸಿಂಬಿ ಕೂರಬೇಕು. ಸಿಂಬಿಯ ಮೇಲೆ ನೀರಿನ ಬಿಂದಿಗೆ, ಹುಲ್ಲಿನ ಹೊರೆ, ಗೊಬ್ಬರದ ಮಂಕರಿ ಕೂರಬೇಕು. ನೆತ್ತಿಯ ಮೇಲೆ ಗಂಟು ಹಾಕಿದರೆ ಹೊರೆ ನಿಲ್ಲುವುದಿಲ್ಲ. ಬಗ್ಗಿ ನಾಟಿ ಹಾಕುವಾಗ, ಕಳೆ ಕೀಳುವಾಗ ಜಡೆ ಮುಂದಕ್ಕೆ ಜಾರಿ ಕೆಸರಿಗೆ ಬೀಳುತ್ತದೆ, ಒಲೆ ಊದುವಾಗ ಬೆಂಕಿಗೆ ಹತ್ತಿರವಾಗುತ್ತದೆ. ನಮ್ಮ ಕಡೆಯ ಹೆಂಗಸರ ತುರುಬು ಅಂದಕ್ಕಿಂತ ಮೊದಲು ದುಡಿಮೆಗೆ ಕಟ್ಟಿದ್ದು.

ಮೂರೂವರೆ ಸಾವಿರ ವರ್ಷದ ಹಿಂದಿನ ತಲೆದಿಂಬು

ನಮ್ಮ ಊರಿನ ಹೆಸರು ಹೇಳಿದರೆ ಜನ ಕಾವೇರಿ, ಕಪಿಲೆ ಕೂಡುವ ತ್ರಿವೇಣಿ ಸಂಗಮವನ್ನು, ಗುಂಜಾ ನರಸಿಂಹಸ್ವಾಮಿಯನ್ನು, ಕುಂಭಮೇಳವನ್ನು ನೆನೆಯುತ್ತಾರೆ. ಪುರಾತತ್ವ ಓದಿದವರು ಇನ್ನೊಂದನ್ನು ನೆನೆಯುತ್ತಾರೆ. 1959ರಿಂದ 1965ರವರೆಗೆ ಹಲವು ಹಂತಗಳಲ್ಲಿ ಪ್ರೊ. ಎಂ. ಶೇಷಾದ್ರಿ ಅವರು ಇಲ್ಲಿ ಉತ್ಖನನ ಮಾಡಿದರು. ಹೊಳೆಯ ದಡದಲ್ಲಿ ನವಶಿಲಾಯುಗದ ಜನ ಬದುಕಿದ್ದ ಗುರುತು ಸಿಕ್ಕಿತು. ಉಜ್ಜಿ ನುಣುಪು ಮಾಡಿದ ಕಲ್ಲಿನ ಕೊಡಲಿ, ಕೈಯಲ್ಲೇ ತಟ್ಟಿ ಮಾಡಿದ ಮಡಕೆ, ಸತ್ತವರನ್ನು ಹೂಳಿದ ಗುಂಡಿ ಸಿಕ್ಕಿದವು. ಅದರ ವರದಿ 1971ರಲ್ಲಿ ಪುಸ್ತಕವಾಗಿ ಬಂತು. ಇದೆಲ್ಲ ಮೂರೂವರೆ ಸಾವಿರ ವರ್ಷಕ್ಕೂ ಹಿಂದಿನ ಮಾತು. ಆಗ ಕಬ್ಬಿಣವೂ ಇರಲಿಲ್ಲ, ಊರಿಗೆ ಹೆಸರೂ ಇರಲಿಲ್ಲ.

ಅಲ್ಲಿ ಸಿಕ್ಕ ವಸ್ತುಗಳಲ್ಲಿ ಒಂದು ಸುಟ್ಟ ಮಣ್ಣಿನ ತಲೆದಿಂಬು. ಹತ್ತಿ ತುಂಬಿದ ನಮ್ಮ ದಿಂಬಿನಂತಲ್ಲ. ಮಲಗಿದಾಗ ಕತ್ತಿನ ಅಡಿ ಒತ್ತಾಗಿ ಇಟ್ಟುಕೊಳ್ಳುವ ಗಟ್ಟಿ ಆಸರೆ.

ಇಷ್ಟು ಗಟ್ಟಿ ದಿಂಬು ಯಾಕೆ ಬೇಕಿತ್ತು? ಮಣ್ಣು ಉತ್ತರ ಹೇಳುವುದಿಲ್ಲ. ಆದರೆ ಇಂಥ ದಿಂಬು ಇಟ್ಟುಕೊಂಡಿದ್ದ ಬೇರೆ ಜನರನ್ನು ನೋಡಬಹುದು. ಈಜಿಪ್ಟಿನಲ್ಲಿ ಸಾವಿರಾರು ವರ್ಷ ಹೀಗೇ ಕತ್ತಿಗೆ ಆಸರೆ ಇಟ್ಟು ಮಲಗುತ್ತಿದ್ದರು. 1922ರಲ್ಲಿ ಪತ್ತೆಯಾದ ತುತಾಂಖಾಮುನ್ ಅರಸನ ಗೋರಿಯಲ್ಲೂ ಅಂಥವು ಇದ್ದವು. ಕೀನ್ಯಾದ ತುರ್ಕಾನಾ ದನಗಾಹಿಗಳು ಮಣ್ಣು ಮೆತ್ತಿ ಕಟ್ಟಿದ ತಮ್ಮ ಕೂದಲು ಕೆಡಬಾರದೆಂದು ಸಣ್ಣ ಮರದ ದಿಂಬನ್ನು ಜೊತೆಯಲ್ಲೇ ಒಯ್ಯುತ್ತಿದ್ದರು. ಜಪಾನಿನ ಹೆಂಗಸರು ಎತ್ತರದ ತುರುಬು ಕಟ್ಟುತ್ತಿದ್ದ ಕಾಲದಲ್ಲಿ ಕತ್ತಿನ ಅಡಿ ಎತ್ತರದ ದಿಂಬು ಇಟ್ಟು ತಲೆ ಹಾಸಿಗೆಗೆ ತಾಗದಂತೆ ಮಲಗುತ್ತಿದ್ದರು. ಕಟ್ಟಿದ ಕೂದಲನ್ನು ರಾತ್ರಿ ಕಾಪಾಡಿಕೊಳ್ಳುವುದು ಇಂಥ ದಿಂಬಿನ ದೊಡ್ಡ ಉಪಯೋಗ.

ನಮ್ಮ ಹೊಳೆದಡದಲ್ಲಿ ಆ ದಿಂಬಿನ ಮೇಲೆ ಮಲಗಿದವರು ಗಂಡಸೋ ಹೆಂಗಸೋ, ಅವರ ಕೂದಲು ಹೇಗಿತ್ತೋ, ಅದನ್ನು ಹೇಳಲಾಗದು. ಕೂದಲು, ಮರದ ಕಡ್ಡಿ, ಹೂವು ಮಣ್ಣಿನಲ್ಲಿ ಉಳಿಯುವ ವಸ್ತುಗಳಲ್ಲ. ಉಳಿದದ್ದು ದಿಂಬು. ಆದರೂ ಸಂಗಮದಲ್ಲಿ ಮಿಂದು, ಒದ್ದೆ ಕೂದಲು ಕೊಡವಿ, ಕೈ ಹಿಂದಕ್ಕೆ ಹಾಕಿ ಗಂಟು ಹಾಕುವ ಹೆಂಗಸರನ್ನು ನೋಡಿದಾಗೆಲ್ಲ ಈಗ ನಮಗೆ ಆ ದಿಂಬು ನೆನಪಾಗುತ್ತದೆ.

ಮುಡಿ, ಜಡೆ, ಜುಟ್ಟು

ಮಾತಿನಲ್ಲೂ ಚರಿತ್ರೆ ಇದೆ. 'ಮುಡಿ' ಅಂದರೆ ಕಟ್ಟಿದ ಕೂದಲು. 'ಹೂ ಮುಡಿ' ಅಂದರೆ ಕೂದಲಿಗೆ ಹೂ ಸಿಕ್ಕಿಸು. ಎರಡಕ್ಕೂ ಒಂದೇ ಪದ. ಮೇಲುಕೋಟೆಯ ಚೆಲುವನಾರಾಯಣನ ಕಿರೀಟ 'ವೈರಮುಡಿ'. ಕರಾವಳಿಯಲ್ಲಿ ಹುಲ್ಲು ಸುತ್ತಿ ಬಿಗಿದು ಕಟ್ಟಿದ ಅಕ್ಕಿಯ ಮೂಟೆಯೂ 'ಮುಡಿ'. ಕಟ್ಟಿ, ಬಿಗಿದು, ಎತ್ತಿ ಇಟ್ಟದ್ದೆಲ್ಲ ಮುಡಿಯೇ. ನಂಜನಗೂಡಿನಲ್ಲಿ ಹರಕೆ ತೀರಿಸಲು ಕೊಡುವುದೂ ಮುಡಿ. ಬರೀ ಕೂದಲು ಕೊಟ್ಟೆವು ಅಂತ ಯಾರೂ ಹೇಳುವುದಿಲ್ಲ. ಮುಡಿ ಕೊಟ್ಟೆವು ಅನ್ನುತ್ತಾರೆ. ತಲೆಯ ಮೇಲಿನ ಮರ್ಯಾದೆಯನ್ನೇ ಇಳಿಸಿ ದೇವರ ಮುಂದೆ ಇಟ್ಟೆವು ಎಂಬ ಅರ್ಥ ಅದರಲ್ಲಿದೆ.

'ಜಡೆ' ಸಂಸ್ಕೃತದ ಜಟೆಯಿಂದ ಬಂದದ್ದು. ನಂಜುಂಡೇಶ್ವರನ ತಲೆಯ ಮೇಲಿನದೂ ಜಡೆ, ಐದನೇ ಕ್ಲಾಸಿನ ಹುಡುಗಿಯ ಬೆನ್ನ ಮೇಲಿನದೂ ಜಡೆ.

ಗಂಡಸರನ್ನೂ ಮರೆಯಬಾರದು. ನಮ್ಮ ಮುತ್ತಾತಂದಿರ ಕಾಲದಲ್ಲಿ ಮುಂದಲೆ ಬೋಳಿಸಿ ಹಿಂದೆ ಜುಟ್ಟು ಬಿಡುವುದು ಸಾಮಾನ್ಯವಾಗಿತ್ತು. 'ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು' ಅನ್ನುವ ಗಾದೆ ಸುಮ್ಮನೆ ಹುಟ್ಟಿಲ್ಲ. 'ಅವನ ಜುಟ್ಟು ಇವನ ಕೈಲಿದೆ' ಅಂದರೆ ಇವನು ಹೇಳಿದಂತೆ ಅವನು ಕೇಳಬೇಕು ಎಂದು ಅರ್ಥ. ಕೂದಲು ಯಾರ ಕೈಲಿದೆಯೋ ಅಧಿಕಾರವೂ ಅವರ ಕೈಲಿದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸೋಮನಾಥಪುರದ ಗೋಡೆ ಹೇಳುವುದು

ನರಸೀಪುರದಿಂದ ಬನ್ನೂರು ಕಡೆ ಹೋಗುವ ದಾರಿಯಲ್ಲಿ ಸೋಮನಾಥಪುರ ಸಿಗುತ್ತದೆ. ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ 1268ರಲ್ಲಿ ಕಟ್ಟಿಸಿದ ಕೇಶವ ದೇವಾಲಯ ಇಲ್ಲಿದೆ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಇದೂ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸ್ಕೂಲಿನಲ್ಲಿದ್ದಾಗ ನಮ್ಮನ್ನೂ ಅಲ್ಲಿಗೆ ಪ್ರವಾಸ ಕರೆದೊಯ್ದಿದ್ದರು. ಆನೆ ಎಣಿಸಿ, ಕುದುರೆ ಎಣಿಸಿ ಬಂದಿದ್ದೆವು.

ಮುಂದಿನ ಸಲ ಹೋದರೆ ಒಂದು ಕೆಲಸ ಮಾಡಿ. ಕೆಳಗಿನ ಆನೆ, ಕುದುರೆ ಸಾಲು ಬಿಟ್ಟು ಮೇಲಿನ ದೊಡ್ಡ ಮೂರ್ತಿಗಳನ್ನು ನೋಡಿ. ದೇವರ ತಲೆಯ ಮೇಲೆ ಎತ್ತರದ ಕಿರೀಟ ಇರುತ್ತದೆ. ಅದನ್ನೂ ಬಿಟ್ಟು, ಪಕ್ಕದಲ್ಲಿ ಚಾಮರ ಹಿಡಿದು ನಿಂತವರ, ಕುಣಿಯುವವರ, ಮದ್ದಳೆ ಬಾರಿಸುವವರ ತಲೆ ನೋಡಿ. ಕಿರೀಟ ಇಲ್ಲದ ತಲೆಗಳಲ್ಲಿ ತುರುಬು ಕಾಣುತ್ತದೆ. ಹಿಂದಕ್ಕೆ ಸೆಳೆದು ದುಂಡಗೆ ಸುತ್ತಿದ ತುರುಬು, ಅದರ ಸುತ್ತ ಮಣಿಸರ, ಹಣೆಯ ಅಂಚಿನಲ್ಲಿ ಸಣ್ಣ ಗುಂಗುರು ಸಾಲು. ಬೇಲೂರಿನಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಗುಡಿಯಲ್ಲಿ, ಕನ್ನಡಿ ಹಿಡಿದು ತನ್ನ ಅಲಂಕಾರ ನೋಡಿಕೊಳ್ಳುವ ಮದನಿಕೆಯೇ ಇದ್ದಾಳೆ. ಆ ಕಾಲದವನೇ ಆದ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಎಣ್ಣೆಸ್ನಾನಕ್ಕೆ, ಹೂಮಾಲೆಗೆ ಬೇರೆ ಬೇರೆ ಭಾಗಗಳನ್ನೇ ಇಟ್ಟಿದ್ದಾನೆ. ಅಂದರೆ ಅರಮನೆಯಲ್ಲಿ ಮೈ, ತಲೆಯ ಆರೈಕೆ ಬರೆದಿಡುವಷ್ಟು ದೊಡ್ಡ ವಿದ್ಯೆಯಾಗಿತ್ತು.

ಸೋಮನಾಥಪುರದಲ್ಲಿ ಇನ್ನೊಂದು ವಿಶೇಷ ಉಂಟು. ಕೆತ್ತಿದವರು ಮೂರ್ತಿಗಳ ಕೆಳಗೆ ತಮ್ಮ ಹೆಸರು ಬರೆದಿದ್ದಾರೆ. ಮಲ್ಲಿತಮ್ಮ ಅನ್ನುವ ಶಿಲ್ಪಿಯ ಹೆಸರು ಹಲವು ಕಡೆ ಸಿಗುತ್ತದೆ. ಏಳೂವರೆ ಶತಮಾನವಾದರೂ ಇದು ಮಲ್ಲಿತಮ್ಮನ ಕೈಕೆಲಸ ಎಂದು ನಾವು ಹೇಳಬಹುದು. ಆದರೆ ಅವನು ನೋಡಿ ಕೆತ್ತಿದ ಆ ತುರುಬುಗಳನ್ನು ಕಟ್ಟಿದ ಕೈ ಯಾರದು? ತಾಯಿಯೋ, ಅಕ್ಕನೋ, ದಾಸಿಯೋ? ಒಂದು ಹೆಸರೂ ಇಲ್ಲ. ಗೋಡೆಯ ಮೇಲೆ ನಾಟಿ ಹಾಕುವ ಹೆಂಗಸಿನ ತುರುಬನ್ನೂ ನಾವು ಹುಡುಕಿದೆವು. ಕಲ್ಲಿಗೆ ಏರಿದ್ದು ಹೆಚ್ಚಾಗಿ ದೇವಲೋಕದ, ಅರಮನೆಯ, ಕುಣಿತದವರ ತಲೆ.

ಕಟ್ಟದ ಕೂದಲು

ಎಲ್ಲರೂ ಕಟ್ಟುವ ನಾಡಿನಲ್ಲಿ ಕಟ್ಟದೆ ಬಿಟ್ಟರೆ ಅದೇ ದೊಡ್ಡ ಮಾತು. ನಮ್ಮ ಊರುಗಳಲ್ಲಿ ಕುರುಕ್ಷೇತ್ರ ನಾಟಕ ನೋಡದವರು ಕಡಿಮೆ. ರಾತ್ರಿ ಎರಡು ಗಂಟೆಗೆ ದ್ರೌಪದಿಯ ಪಾತ್ರಧಾರಿ ಚೌರಿ ಕೂದಲು ಕೆದರಿಕೊಂಡು ರಂಗದ ಮೇಲೆ ಬಂದರೆ ಮಲಗಿದವರೂ ಎದ್ದು ಕೂರುತ್ತಾರೆ. ದುಶ್ಶಾಸನ ಹಿಡಿದೆಳೆದ ಮುಡಿಯನ್ನು ಅವನ ಸಾವಿನವರೆಗೆ ಕಟ್ಟುವುದಿಲ್ಲ ಎಂಬ ಅವಳ ಶಪಥವನ್ನು ಪಂಪ, ರನ್ನರ ಕಾಲದಿಂದ ಕನ್ನಡ ಕಾವ್ಯ ಹೇಳುತ್ತಾ ಬಂದಿದೆ. ಬಿಚ್ಚಿದ ಮುಡಿ ಅಂದರೆ ತೀರದ ಲೆಕ್ಕ.

ಹನ್ನೆರಡನೇ ಶತಮಾನದ ಅಕ್ಕಮಹಾದೇವಿಯ ಚಿತ್ರ ಎಲ್ಲರ ಮನೆಯ ಗೋಡೆಯಲ್ಲೂ ಒಂದೇ ಥರ ಇರುತ್ತದೆ. ಅರಮನೆ ಬಿಟ್ಟು, ಬಟ್ಟೆಯನ್ನೂ ಬಿಟ್ಟು, ಕೂದಲನ್ನೇ ಹೊದ್ದು ನಡೆದವಳು. ಬೇಲೂರಿನ ಮದನಿಕೆ ಕನ್ನಡಿ ನೋಡಿಕೊಂಡು ನಿಂತದ್ದೂ ಅದೇ ಶತಮಾನದಲ್ಲಿ. ಒಬ್ಬಳ ತುರುಬು ನೋಡುವವರಿಗಾಗಿ, ಇನ್ನೊಬ್ಬಳ ಕೂದಲು ನೋಡುವವರಿಂದ ಮರೆಯಾಗಲು.

ಮೊಗ್ಗಿನ ಜಡೆ, ಬೆನ್ನಿಗೊಂದು ಕನ್ನಡಿ

ಹಳೆಯ ಮೈಸೂರಿನ ಮನೆಗಳಲ್ಲಿ ಒಂದು ಫೋಟೊ ಇದ್ದೇ ಇರುತ್ತದೆ. ಹುಡುಗಿ ರೇಷ್ಮೆ ಲಂಗ ಉಟ್ಟು ಸ್ಟುಡಿಯೊದಲ್ಲಿ ನಿಂತಿರುತ್ತಾಳೆ. ಹಿಂದೆ ಒಂದು ಕನ್ನಡಿ. ಕನ್ನಡಿಯಲ್ಲಿ ಅವಳ ಬೆನ್ನು, ಬೆನ್ನ ಮೇಲೆ ಮೊಗ್ಗಿನ ಜಡೆ. ಮುಖವೂ ಬೀಳಬೇಕು, ಜಡೆಯೂ ಬೀಳಬೇಕು.

ಆ ಜಡೆ ಕಟ್ಟುವುದು ಅರ್ಧ ದಿನದ ಕೆಲಸ. ಅರಳದ ಮಲ್ಲಿಗೆ ಮೊಗ್ಗನ್ನು ಬೆಳಗ್ಗೆಯೇ ತರಬೇಕು. ಬಾಳೆ ಪಟ್ಟೆಯ ಮೇಲೆ ಸೂಜಿ ದಾರದಲ್ಲಿ ಸಾಲಾಗಿ ಹೊಲಿದು, ನಡುವೆ ಕನಕಾಂಬರ, ಮರುಗ ಸೇರಿಸಿ, ಜಡೆಯ ಮೇಲೆ ಕಟ್ಟಬೇಕು. ಕೂದಲು ಕಡಿಮೆ ಇದ್ದರೆ ಚೌರಿ ಸೇರಿಸಿ ಹೆಣೆಯಬೇಕು. ತುದಿಗೆ ಕುಚ್ಚು. ಉಳ್ಳವರ ಮನೆಯಲ್ಲಿ ನೆತ್ತಿಗೆ ರಾಗಟೆ, ಬೈತಲೆಗೆ ಬೊಟ್ಟು, ಜಡೆಯುದ್ದಕ್ಕೂ ಬಂಗಾರದ ಜಡೆಬಿಲ್ಲೆ, ನಾಗರ. ಇಲ್ಲದವರ ಮನೆಯಲ್ಲಿ ಸಾಲ ತಂದ ರಾಗಟೆ, ಇಲ್ಲವೇ ಬರೀ ಹೂವು. ಮೈನೆರೆದಾಗ, ಮದುವೆಯಲ್ಲಿ, ಸೀಮಂತದಲ್ಲಿ ಈ ಜಡೆ. ಚೀನಾದಲ್ಲಿ ಹಿಂದೆ ಹುಡುಗಿಗೆ ಹದಿನೈದು ತುಂಬುವ ಹೊತ್ತಿಗೆ ಕೂದಲು ಎತ್ತಿ ಕಟ್ಟಿ, ಕಡ್ಡಿ ಸಿಕ್ಕಿಸಿ, ಇವಳು ದೊಡ್ಡವಳಾದಳು ಎಂದು ಊರಿಗೆ ಸಾರುವ ಶಾಸ್ತ್ರ ಇತ್ತು. ಅಲ್ಲಿ ಕಡ್ಡಿ ಮಾಡಿದ ಕೆಲಸವನ್ನು ಇಲ್ಲಿ ಮೊಗ್ಗಿನ ಜಡೆ ಮಾಡುತ್ತಿತ್ತು.

ಅಂದ ಎಷ್ಟೇ ಇರಲಿ, ಆ ಜಡೆ ಕಟ್ಟಿಸಿಕೊಳ್ಳುವ ಹುಡುಗಿಯನ್ನು ನಿನಗೆ ಬೇಕಾ ಎಂದು ಕೇಳಿದವರು ಕಡಿಮೆ. ಮದುವೆಯಾದ ಮೇಲೆ ಜಡೆ ಎತ್ತಿ ತುರುಬು ಕಟ್ಟು ಅನ್ನುವುದೂ ಅನೇಕ ಮನೆಗಳಲ್ಲಿ ಹಿರಿಯರ ಮಾತೇ. ಸ್ಕೂಲಿಗೆ ಹೋದರೆ ಎರಡು ಜಡೆ ಹಾಕಿ ಮಡಚಿ ಟೇಪು ಕಟ್ಟು ಅನ್ನುವ ನಿಯಮ. ಹುಡುಗಿಯ ತಲೆ ಅವಳದೇ, ಅದರ ಮೇಲಿನ ತೀರ್ಮಾನ ಮಾತ್ರ ಬೇರೆಯವರದು.

ನಂಜನಗೂಡಿನ ಒಬ್ಬ ಹದಿನಾಲ್ಕು ವರ್ಷದವಳು

ಈ ಮಾತಿನ ಕಹಿ ತುದಿ ಇಲ್ಲಿದೆ. ಬ್ರಾಹ್ಮಣರ ಸಂಪ್ರದಾಯಸ್ಥ ಮನೆಗಳಲ್ಲಿ ಗಂಡ ಸತ್ತರೆ ಹೆಂಡತಿಯ ತಲೆ ಬೋಳಿಸುವ ಪದ್ಧತಿ ಕಳೆದ ಶತಮಾನದವರೆಗೂ ಇತ್ತು. ಕ್ಷೌರಿಕನನ್ನು ಮನೆಗೇ ಕರೆಸುತ್ತಿದ್ದರು. ಒಂದು ಸಲ ಅಲ್ಲ, ಕೂದಲು ಬೆಳೆದಾಗೆಲ್ಲ, ಸಾಯುವವರೆಗೆ. ಆಮೇಲೆ ಕೆಂಪು ಸೀರೆಯ ಸೆರಗು ತಲೆ ಮೇಲೆ. ಮದುವೆ ಅಂದರೇನು ಎಂದು ತಿಳಿಯದ ಮಕ್ಕಳೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿ (1976) ಅಂಥ ಒಬ್ಬ ಬಾಲವಿಧವೆಯ ಬದುಕಿನ ಕಥೆ. ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದರು.

ನಂಜನಗೂಡಿನಲ್ಲಿ 1887ರಲ್ಲಿ ಹುಟ್ಟಿದ ತಿರುಮಲಾಂಬ ಅವರಿಗೆ ಹತ್ತನೇ ವಯಸ್ಸಿನಲ್ಲಿ ಮದುವೆಯಾಯಿತು, ಹದಿನಾಲ್ಕನೇ ವಯಸ್ಸಿನಲ್ಲಿ ಗಂಡ ತೀರಿಕೊಂಡರು. ಆ ಕಾಲದಲ್ಲಿ ಅಂಥ ಹುಡುಗಿಗೆ ಅಡುಗೆಮನೆಯ ಮೂಲೆಯೇ ಗತಿ. ಅವರು ಓದಿದರು, ಬರೆದರು. 'ಸತಿ ಹಿತೈಷಿಣಿ' ಎಂಬ ಹೆಸರಿನಲ್ಲಿ ಪುಸ್ತಕ ಪ್ರಕಟಿಸಿದರು. 'ಕರ್ನಾಟಕ ನಂದಿನಿ', 'ಸನ್ಮಾರ್ಗದರ್ಶಿನಿ' ಪತ್ರಿಕೆಗಳನ್ನು ನಡೆಸಿದರು. ಹೊಸಗನ್ನಡದ ಮೊದಲ ಕಾದಂಬರಿಕಾರ್ತಿ, ಮೊದಲ ಪತ್ರಕರ್ತೆ, ಮೊದಲ ಪ್ರಕಾಶಕಿ ಎಂದು ಇಂದು ಅವರನ್ನು ಗುರುತಿಸುತ್ತಾರೆ. ನಡುವೆ ದಶಕಗಳ ಕಾಲ ಓದುಗರು ಅವರನ್ನು ಮರೆತೇಬಿಟ್ಟಿದ್ದರು. 1982ರಲ್ಲಿ ತೀರಿಕೊಂಡರು. ಪತ್ರಿಕೋದ್ಯಮದ ಡಿಪ್ಲೊಮಾ ಹಿಡಿದು ಇದೇ ಜಿಲ್ಲೆಯಲ್ಲಿ ಸುದ್ದಿ ಬರೆಯುವ ನಮಗೆ, ಪಕ್ಕದ ಊರಿನ ಈ ಹೆಸರನ್ನು ಕ್ಲಾಸಿನಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದರು.

ಪದ್ಧತಿ ಹೋಯಿತು, ಪದ ಉಳಿಯಿತು. 'ಬೋಳಿಮಗ' ಅನ್ನುವ ಬೈಗುಳ ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ದಿನಕ್ಕೆ ಎಷ್ಟು ಸಲ ಕೇಳುತ್ತದೋ ಲೆಕ್ಕವಿಲ್ಲ. ಬೈಯುವವನಿಗೂ ಬೈಸಿಕೊಳ್ಳುವವನಿಗೂ ಅದರ ಅರ್ಥ ನೆನಪಿರುವುದಿಲ್ಲ. ಬೋಳಿ ಅಂದರೆ ತಲೆ ಬೋಳಿಸಿದ ವಿಧವೆ. ತಪ್ಪು ಮಾಡದೆ ತಲೆ ಕೊಟ್ಟ ಹೆಂಗಸನ್ನು ಇವತ್ತಿಗೂ ನಾವು ಬೈಗುಳವಾಗಿ ಬಳಸುತ್ತಿದ್ದೇವೆ. ಗಂಡಸರು ಜುಟ್ಟು ತೆಗೆದು ಕ್ರಾಪು ಬಿಟ್ಟಾಗ ಮನೆಯ ಹಿರಿಯರು ಕೂಗಾಡಿದರು, ನಾಲ್ಕು ದಿನಕ್ಕೆ ಸುಮ್ಮನಾದರು. ಅವನು ತೆಗೆಸಿದ್ದು ತನ್ನಿಷ್ಟಕ್ಕೆ. ಅವಳದ್ದನ್ನು ತೆಗೆಸಿದ್ದು ಬೇರೆಯವರು.

ನಂಜನಗೂಡಿನ ಹೊಳೆದಂಡೆಯಲ್ಲಿ ಹರಕೆ ಹೊತ್ತು ಮುಡಿ ಕೊಡುವ ಹೆಂಗಸೂ ತಲೆ ಬೋಳಿಸಿಕೊಳ್ಳುತ್ತಾಳೆ. ಅವಳ ಕಣ್ಣಲ್ಲಿ ಸಮಾಧಾನ ಇರುತ್ತದೆ, ಮಕ್ಕಳು ಅವಳ ಬೋಳು ತಲೆ ಸವರಿ ನಗುತ್ತವೆ. ಕತ್ತಿ ಅದೇ, ತಲೆ ಅದೇ. ಹರಕೆ ಅವಳದು ಅನ್ನುವುದಷ್ಟೇ ವ್ಯತ್ಯಾಸ.

ಬಾಚಣಿಗೆಯಲ್ಲಿ ಉಳಿದ ಕೂದಲು

ಬಡವರ ಮನೆಯಲ್ಲಿ ಕೂದಲು ಆಸ್ತಿಯೂ ಹೌದು. ಬಾಚಿದಾಗ ಉದುರಿದ ಕೂದಲನ್ನು ಸುರುಳಿ ಮಾಡಿ ಗೋಡೆಯ ಸಂದಿಯಲ್ಲಿ ಸಿಕ್ಕಿಸಿ ಇಡುತ್ತಿದ್ದದ್ದು ನಿಮಗೂ ನೆನಪಿರಬಹುದು. ತಿಂಗಳಿಗೊಮ್ಮೆ ಸೈಕಲ್ಲಿನವನು ಕೂಗುತ್ತಾ ಬರುತ್ತಿದ್ದ. ಕೂದಲು ತೂಗಿ ಪಿನ್ನು, ಬಲೂನು, ಹೆಚ್ಚಿದ್ದರೆ ಸ್ಟೀಲ್ ಪಾತ್ರೆ ಕೊಡುತ್ತಿದ್ದ. ಈಗ ಬೈಕಿನಲ್ಲಿ ಬರುತ್ತಾನೆ. ಆ ಕೂದಲು ಎಲ್ಲಿಗೆ ಹೋಗುತ್ತದೆ? ಉತ್ತರ ಕರ್ನಾಟಕದ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಕೂದಲು ಬಿಡಿಸಿ, ತೊಳೆದು, ಉದ್ದಕ್ಕೆ ತಕ್ಕಂತೆ ವಿಂಗಡಿಸಿ ಹೊರದೇಶಕ್ಕೆ ಕಳಿಸುವುದೇ ದೊಡ್ಡ ಉದ್ಯಮ. ಅಲ್ಲಿ ಕೂತು ಗಂಟು ಬಿಡಿಸುವ ಕೈಗಳೂ ಹೆಚ್ಚಾಗಿ ಹೆಂಗಸರದೇ. ಹಳ್ಳಿಯ ಒಬ್ಬಳ ಬಾಚಣಿಗೆಯಿಂದ ಹೊರಟ ಕೂದಲು ಹೊರದೇಶದಲ್ಲಿ ಇನ್ನೊಬ್ಬಳ ತಲೆ ಸೇರುತ್ತದೆ.

ನಮ್ಮಜ್ಜಿಯ ಕೈ

ಕೊನೆಗೆ ನಮ್ಮ ಮನೆಯ ಮಾತು. ನಮ್ಮಜ್ಜಿ ವಾರಕ್ಕೊಮ್ಮೆ ಹರಳೆಣ್ಣೆ ಹಚ್ಚಿ, ಸೀಗೆಪುಡಿಯಲ್ಲಿ ತಲೆ ತಿಕ್ಕಿ, ಜಗಲಿಯ ಬಿಸಿಲಲ್ಲಿ ಕೂದಲು ಒಣಗಿಸಿ, ಸೀರಣಿಗೆಯಲ್ಲಿ ಬಾಚಿ, ತುರುಬು ಕಟ್ಟುತ್ತಿದ್ದರು. ಕನ್ನಡಿ ನೋಡುತ್ತಿರಲಿಲ್ಲ. ಮಾತು ನಿಲ್ಲಿಸುತ್ತಿರಲಿಲ್ಲ. ಕೈ ಹಿಂದಕ್ಕೆ ಹೋಗುತ್ತಿತ್ತು, ಎರಡು ಸುತ್ತು, ಒಂದು ಸಿಕ್ಕು, ಮುಗಿಯಿತು. ತಾತ ಹೋದ ಮೇಲೂ ಅವರು ತುರುಬು ಕಟ್ಟಿದರು. ನಮ್ಮ ಜನದಲ್ಲಿ ತಲೆ ಬೋಳಿಸುವ ಪದ್ಧತಿ ಇರಲಿಲ್ಲ. ಹೂವು ಮಾತ್ರ ನಿಂತಿತು. ಅದನ್ನೂ ಅವರನ್ನು ಕೇಳಿ ನಿಲ್ಲಿಸಿದ್ದಲ್ಲ.

ಕೊನೆಯ ವರ್ಷ ಹಾಸಿಗೆ ಹಿಡಿದರು. ತಲೆ ತೊಳೆಯುವುದು, ಸಿಕ್ಕು ಬಿಡಿಸುವುದು ಕಷ್ಟ ಎಂದು ಮನೆಯವರೆಲ್ಲ ಸೇರಿ ಕೂದಲು ಕತ್ತರಿಸಿಬಿಡೋಣ ಅಂದರು. ನಾವೂ ಹೂಂ ಅಂದೆವು. ಅಜ್ಜಿಯನ್ನು ಯಾರೂ ಕೇಳಲಿಲ್ಲ. ಕತ್ತರಿ ಹಾಕಿದ ಮೇಲೆ ಅವರು ಬೈಯಲಿಲ್ಲ, ಅಳಲಿಲ್ಲ. ಆದರೆ ಎದ್ದು ಕೂರಿಸಿದಾಗೆಲ್ಲ ಅವರ ಬಲಗೈ ತಾನಾಗಿ ಕತ್ತಿನ ಹಿಂದಕ್ಕೆ ಹೋಗುತ್ತಿತ್ತು. ಗಂಟು ಹುಡುಕಿ, ಸಿಗದೆ, ನಿಧಾನವಾಗಿ ಮಡಿಲಿಗೆ ಬಂದು ಬೀಳುತ್ತಿತ್ತು. ದಿನಾ ನೋಡಿದೆವು. ಜುಟ್ಟು ಯಾರ ಕೈಲಿದೆ ಅನ್ನುವ ಮಾತಿನ ಅರ್ಥ ನಮಗೆ ತಿಳಿದದ್ದು ಆಗ. ಶತಮಾನದ ಹಿಂದಿನವರನ್ನು ಬೈದು ಬರೆಯುವ ನಾವೂ ಅದನ್ನೇ ಮಾಡಿದ್ದೆವು, ಅಕ್ಕರೆಯ ಹೆಸರಿನಲ್ಲಿ.

ಅವರು ಹೋದ ಮೇಲೆ ಫೋಟೊ ಹುಡುಕಿದೆವು. ಆಧಾರ್ ಕಾರ್ಡಿನದು, ರೇಷನ್ ಕಾರ್ಡಿನದು, ಎರಡು ಮದುವೆಗಳದು. ಎಲ್ಲದರಲ್ಲೂ ಮುಖ. ಎಂಬತ್ತು ವರ್ಷ ಕಟ್ಟಿದ ಆ ತುರುಬು ಒಂದರಲ್ಲೂ ಇಲ್ಲ. ಹೇಗೆ ಕಟ್ಟುತ್ತಿದ್ದರು ಎಂದು ಅಮ್ಮನನ್ನು ಕೇಳಿದರೆ, "ನೋಡ್ತಾ ಇದ್ದೆ, ಕಲಿಲಿಲ್ಲ" ಅಂದರು.

ಜಾತ್ರೆಯಲ್ಲಿ ಕಡ್ಡಿ ಕೊಂಡ ಆ ಹುಡುಗಿಗೆ ಅದು ಚೈನಾದ್ದಾದರೂ ಇರಲಿ, ಬೇಲಿಯದ್ದಾದರೂ ಇರಲಿ. ತನ್ನ ಕೂದಲನ್ನು ತನಗೆ ಬೇಕಾದಂತೆ ಕಟ್ಟಿಕೊಳ್ಳಬೇಕು ಎಂದು ಅವಳು ಕೊಂಡಳು. ಬೇಡವಾದರೆ ನಾಳೆ ಕತ್ತರಿಸಿಕೊಳ್ಳಲಿ, ಅದೂ ಅವಳಿಷ್ಟ.

ನಿಮ್ಮಲ್ಲಿ ಕೇಳುವುದು ಇಷ್ಟೇ. ಮನೆಯಲ್ಲಿ ಅಜ್ಜಿ ಇದ್ದರೆ ಇವತ್ತು ಸಂಜೆ ಹತ್ತಿರ ಕೂತು, ತುರುಬು ಹೇಗೆ ಕಟ್ಟುತ್ತೀಯಜ್ಜಿ ಎಂದು ಕೇಳಿ. ಕಟ್ಟುವಾಗ ಹಿಂದಿನಿಂದ ಒಂದು ವಿಡಿಯೊ ಮಾಡಿಕೊಳ್ಳಿ. ಅದಕ್ಕೆ ಏನೆಂದು ಹೆಸರು, ಯಾರು ಕಲಿಸಿದರು, ಪಿನ್ನು ಇಲ್ಲದಾಗ ಏನು ಸಿಕ್ಕಿಸುತ್ತಿದ್ದರು ಎಂದು ಕೇಳಿ ಬರೆದಿಡಿ. ಫೋಟೊ ತೆಗೆಯುವ ಮೊದಲು, ಕೂದಲು ಮುಟ್ಟುವ ಮೊದಲು, ಒಂದು ಮಾತು ಅವರನ್ನೇ ಕೇಳಿ.